ಅರ್ಧ ಓದುವ ಮಿಷಿನ್ನು, ಪೂರ್ತಿ ಓದುವ ತಾಹೇರಾ ಆಪಾ

ತಾಹೇರಾ ಆಪಾ ಕೆಲಸಕ್ಕೆ ಸೇರಿದ ದಿನ ನನಗೆ ಮೈಯೆಲ್ಲ ಉರಿದಿತ್ತು. 2005ರ ಮಾತು. ಇಂದಿರಾನಗರದಲ್ಲಿ ಆರು ಜನರ ಕಂಪನಿ ನಮ್ಮದು. ಮಕ್ಕಳ ಆರೋಗ್ಯದ ಬಗ್ಗೆ ತಂದೆತಾಯಂದಿರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವ ಒಂದು ಇಂಟರ್‌ನೆಟ್ ವೇದಿಕೆ ನಡೆಸುತ್ತಿದ್ದೆವು. ಅವರ ಬರಹದಲ್ಲಿ ಬರುವ ವೈದ್ಯಕೀಯ ಪದಗಳನ್ನು ತಾನಾಗಿಯೇ ಗುರುತಿಸಿ, ಗೆರೆ ಎಳೆದು, ಮೌಸ್ ಇಟ್ಟರೆ ಅರ್ಥ ತೋರಿಸುವ ಪ್ರೋಗ್ರಾಂ ಬರೆದವನು ನಾನು. ಅರ್ಥವನ್ನೂ ಅದು ಹಿಂದೆ ಯಾರೋ ಬರೆದ ಸಾಲುಗಳಿಂದ ಹೆಕ್ಕುತ್ತಿತ್ತು. ಅಂಥದ್ದರ ತಪ್ಪು ಹುಡುಕಲು ಸಂಬಳ ಕೊಟ್ಟು ಒಬ್ಬರನ್ನು ಇಡುವುದೆಂದರೆ!

ನಾವೆಲ್ಲ ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದ ಅವರು ಶಿವಾಜಿನಗರದ ಲ್ಯಾಬೊಂದರಲ್ಲಿ ಇಪ್ಪತ್ತೆರಡು ವರ್ಷ ರಕ್ತ ಪರೀಕ್ಷೆ ಮಾಡಿದವರು. ಕಂಪ್ಯೂಟರನ್ನು ವಾರದಲ್ಲೇ ಕಲಿತು ನನ್ನ ಮಾನ ಹರಾಜು ಹಾಕಿದರು.

“ಅರೆ, ವಿರೂಪಾಕ್ಷ, ಉಪ್ಪಿಟ್ಟು ಯಾವ ಕಾಯಿಲೇರೀ? ನಿಮ್ ಮಿಷಿನ್ನು ಗೆರೆ ಹಾಕೈತೆ ನೋಡಿ.”

ಒಂದು ಪದ ಪತ್ರಿಕೆಗಳಲ್ಲಿ ಅಪರೂಪಕ್ಕೆ, ನಮ್ಮ ವೇದಿಕೆಯಲ್ಲಿ ಪದೇಪದೇ ಬಂದರೆ ಅದು ವೈದ್ಯಕೀಯ ಪದ ಎಂಬುದು ನನ್ನ ಲೆಕ್ಕಾಚಾರ. ಇಂಗ್ಲಿಷ್ ಪತ್ರಿಕೆಯಲ್ಲಿ ಉಪ್ಪಿಟ್ಟು ಎಲ್ಲಿಂದ ಬರಬೇಕು? ಆಫೀಸೆಲ್ಲ ಬಿದ್ದು ಬಿದ್ದು ನಕ್ಕಿತು. ಆಪಾ ನೋಡಿದ ಮೇಲೆಯೇ ಅರ್ಥಗಳನ್ನು ವೇದಿಕೆಗೆ ಬಿಡಬೇಕೆಂಬ ನಿಯಮವಿತ್ತು. ಸಿಟ್ಟಿಗೆ ನಾನು ಅರ್ಥಗಳ ಮುಂದಿನ ಕಂತನ್ನು ಅವರಿಗೆ ತೋರಿಸದೆಯೇ ಬಿಟ್ಟುಬಿಟ್ಟೆ.

ಮರುವಾರ ನಮ್ಮ ಎರಡು ವರ್ಷದ ಮಗಳು ಶಿವಾನಿಗೆ ಜ್ವರ ಏರಿ ಕೈಕಾಲು ಸೆಟೆದುಕೊಂಡವು. ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ಕಳಿಸಿದರು. ಡಾಕ್ಟರು ಏನೋ ಹೇಳಿದರು; ಗಾಬರಿಯಲ್ಲಿ ಒಂದೂ ತಲೆಗೆ ಹೋಗಲಿಲ್ಲ. ಚೀಟಿಯಲ್ಲಿ ‘ಫೆಬ್ರೈಲ್ ಸೀಷರ್’ ಎಂದಿತ್ತು. ಹೆಂಡತಿ ರಶ್ಮಿಯನ್ನೂ ಮಗುವನ್ನೂ ಜೀವನ್ ಬಿಮಾ ನಗರದ ಮನೆಗೆ ಬಿಟ್ಟು, ಆಫೀಸಿಗೆ ಓಡಿ ನಮ್ಮ ವೇದಿಕೆಯಲ್ಲೇ ಹುಡುಕಿದೆ. ‘ಸೀಷರ್’ ಕೆಳಗೆ ಮಾತ್ರ ಗೆರೆ ಇತ್ತು. ಅರ್ಥ: ಜೀವನಪೂರ್ತಿ ಮಾತ್ರೆ ಬೇಕಾಗುವ ಮಿದುಳಿನ ಕಾಯಿಲೆ.

ರಶ್ಮಿಗೆ ಫೋನ್ ಮಾಡಿ ಹೇಳಿಯೂಬಿಟ್ಟೆ.

ಹಿಂದೆ ನಿಂತಿದ್ದ ಆಪಾ ನನ್ನ ಕೈಯಿಂದ ಚೀಟಿ ಕಿತ್ತುಕೊಂಡು ಓದಿದರು.

“ಎರಡೂ ಸೇರಿ ಒಂದೇ ಹೆಸ್ರು ಕಣ್ರೀ ಇದು! ನಿಮ್ ಮಿಷಿನ್ನು ಅರ್ಧ ಬಿಟ್ಟು ಅರ್ಧ ಓದೈತೆ. ಇದು ಜ್ವರಕ್ಕೆ ಬರೋ ಫಿಟ್ಸು. ಅದ್ರ ಬುದ್ಧಿ ನಿಮಗೇ ಗೊತ್ತಿಲ್ವಾ?”

“ಗೊತ್ತಿತ್ತು ಆಪಾ. ಆದ್ರೂ ನಂಬ್ಬಿಟ್ಟೆ.”

“ನನ್ ಮಾತೂ ನಂಬ್ಬೇಡಿ. ಡಾಕ್ಟ್ರನ್ನೇ ಕೇಳಿ,” ಎಂದು ಚೀಟಿಯ ನಂಬರನ್ನು ತಾವೇ ಒತ್ತಿ ರಿಸೀವರ್ ಕೈಗಿಟ್ಟರು.

ಡಾಕ್ಟರೂ ಅದನ್ನೇ ಹೇಳಿದರು. ದಿನಾ ಮಾತ್ರೆ ಬೇಡ, ಐದಾರು ವರ್ಷ ತುಂಬುವಷ್ಟರಲ್ಲಿ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ, ಮತ್ತೆ ಬಂದು ಐದು ನಿಮಿಷ ಮೀರಿದರೆ ತಕ್ಷಣ ಕರೆತನ್ನಿ ಎಂದರು. ಹೋದ ಜೀವ ಬಂದಂತಾಯಿತು. ರಶ್ಮಿಗೆ ಫೋನ್ ಮಾಡಿದೆ.

“ಬರೀ ಜ್ವರದ ಫಿಟ್ಸಂತೆ ಕಣೆ. ಮಾತ್ರೆ ಬೇಡ್ವಂತೆ.”

“ಯಾರಂದ್ರು? ನಿಮ್ ಕಂಪ್ಯೂಟರ್ರಾ?”

“ಡಾಕ್ಟ್ರು. ಆಪಾ ಪಕ್ಕದಲ್ಲೇ ನಿಂತು ಕೇಳ್ಸಿದ್ರು.”

ರಶ್ಮಿ ಬಿಕ್ಕಿ ಬಿಕ್ಕಿ ಅತ್ತಳು. ಆಪಾ ರಿಸೀವರ್ ತೆಗೆದುಕೊಂಡು, “ಅಳು ಬೇಟಿ, ಅತ್ತು ಹಗುರ ಆಗು,” ಎಂದರು. ನನಗೂ ತಡೆಯಲಾಗಲಿಲ್ಲ.

ಕಣ್ಣೊರೆಸಿಕೊಂಡು, ಆಪಾಗೆ ತೋರಿಸದೆ ಬಿಟ್ಟಿದ್ದ ಆ ಅರ್ಥವನ್ನು ಅಳಿಸಲು ಕೂತೆ. ಅದರ ಮೇಲೆ ಆಗಲೇ ನೂರಾ ನಲವತ್ತು ಸದಸ್ಯರು ಮೌಸ್ ಇಟ್ಟಿದ್ದರು. ಅವರೆಲ್ಲ ಯಾರ ಯಾರ ಅಪ್ಪ ಅಮ್ಮಂದಿರೋ. ಆಪಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಅವರು ಹೇಳುತ್ತಾ ಹೋದರು, ನಾನು ಆ ಅರ್ಥ ತಪ್ಪೆಂದು ಒಬ್ಬೊಬ್ಬರಿಗೂ ಬರೆಯುತ್ತಾ ಹೋದೆ.