ಮಂಚ ಹೊರುವ ಗಂಡ

ಪಕ್ಕದ ಮನೆಯ ಟೈಲರಪ್ಪನಿಗೆ ಹೆಂಡತಿಯ ನಿದ್ದೆಯದೇ ಚಿಂತೆ. ಬೆಳಿಗ್ಗೆ ಅವಳು ಆಕಳಿಸಿದರೆ ಸಾಕು, ಅಳತೆ ಟೇಪು ಕೊರಳಿಗೆ ಹಾಕಿಕೊಂಡು ಮಂಚ ಎಳೆಯಲು ನಿಲ್ಲುತ್ತಾನೆ. ಕಿಟಕಿಯ ಕೆಳಗಾಯಿತು, ಬೀರುವಿನ ಪಕ್ಕವಾಯಿತು, ಹೋದ ವಾರ ಅಡುಗೆಮನೆಗೇ ಬಂತು. ಪಾಪ, ಅವಳು ಮಂಚ ಹತ್ತಿ ಇಳಿದು ಒಲೆ ಹಚ್ಚಿದಳು. ದಿಂಬಿನ ಹತ್ತಿಯನ್ನಂತೂ ಏಳು ಸಲ ಬಿಚ್ಚಿ ತುಂಬಿದ್ದಾನೆ. “ಇವತ್ತು ನೋಡೇ, ಕೋಳಿ ಕಿವೀಲೇ ಕೂಗಿದ್ರೂ ನೀನು ಏಳಲ್ಲ!” ಎಂದು ಪರೀಕ್ಷೆಗೆ ತಾನೇ ಮೊದಲು ಮಲಗುತ್ತಾನೆ. ಮಲಗಿದ್ದೇ ತಡ, ನಮ್ಮ ಗೋಡೆಯೂ ನಡುಗುವಂಥ ಗೊರಕೆ! “ನಿನ್ನ ನಿದ್ದೆಗಳ್ಳ ಇಲ್ಲೇ ಬಿದ್ಕೊಂಡಿದಾನಲ್ಲೇ, ಅವನಿಗೇ ಹೇಳ್ಬಾರ್ದಾ?” ಎಂದು ಒಂದು ದಿನ ಅವಳನ್ನು ಕೇಳಿದೆ. ಅವಳು ನನ್ನ ಬಾಯಿಗೇ ಕೈ ಅಡ್ಡ ಹಿಡಿದಳು. “ಸುಮ್ನಿರಿ ಅಜ್ಜಿ, ಗೊತ್ತಾದ್ರೆ ಅಂಗಡೀಲಿ ಹೋಗಿ ಮಲಗ್ತಾರೆ. ಅವ್ರು ಆಸ್ಪತ್ರೇಲಿದ್ದ ತಿಂಗಳು ಮನೇಲಿ ಒಂದು ಸದ್ದಿರ್ಲಿಲ್ಲ. ನಾನು ಕಣ್ಣೇ ಮುಚ್ಚಿರ್ಲಿಲ್ಲ.”