ಖಲೀಲ್ ಸಾಹೇಬರ ‘ಕೈಕು?’

ನನ್ನ ದೌರ್ಬಲ್ಯವೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಪದಬಂಧ ಬಿಡಿಸಲು ಕೂತರೆ ನನಗೆ ಉತ್ತರ ಹೊಳೆಯುತ್ತದೆ, ಕಾರಣ ಹೊಳೆಯುವುದಿಲ್ಲ. ಸುಳಿವನ್ನು ಓದುತ್ತೇನೆ, ಖಾಲಿ ಮನೆಗಳನ್ನು ಎಣಿಸುತ್ತೇನೆ, ಎಲ್ಲಿಂದಲೋ ಒಂದು ಪದ ಬಂದು ಕರೆಯದ ನೆಂಟನಂತೆ ಕೂತುಬಿಡುತ್ತದೆ. ಯಾಕೆ ಬಂದೆಯಪ್ಪಾ ಎಂದರೆ ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಶಾಲೆಯಲ್ಲಿ ಲೆಕ್ಕದ ಮೇಷ್ಟರು ಇದೇ ಅಪರಾಧಕ್ಕೆ ನನ್ನ ಕಿವಿ ಹಿಂಡುತ್ತಿದ್ದರು. ಉತ್ತರ ಸರಿ, ಕ್ರಮ ಇಲ್ಲ, ಅರ್ಧ ಅಂಕ.

ನಾನು ಹೇಳುತ್ತಿರುವುದು ಇಂಗ್ಲಿಷ್ ಪತ್ರಿಕೆಯ ಗೂಢ ಪದಬಂಧದ ವಿಷಯ. ಸಾಮಾನ್ಯ ಪದಬಂಧ ‘ಕಮಲಕ್ಕೆ ಇನ್ನೊಂದು ಹೆಸರೇನು’ ಎಂದು ನೇರವಾಗಿ ಕೇಳುತ್ತದೆ. ಇದು ಹಾಗಲ್ಲ. ಇದರ ಸುಳಿವು ಬಾಯಲ್ಲಿ ಒಂದು ಮಾತಾಡುತ್ತಾ ಕೈಯಲ್ಲಿ ಬೇರೆ ಕೆಲಸ ಮಾಡುತ್ತಿರುತ್ತದೆ. ವಾಕ್ಯದ ಒಂದು ತುದಿಯಲ್ಲಿ ಉತ್ತರದ ಅರ್ಥ ಇರುತ್ತದೆ. ಉಳಿದ ಭಾಗದಲ್ಲಿ ಅದೇ ಉತ್ತರವನ್ನು ಅಕ್ಷರ ಅಕ್ಷರವಾಗಿ ಕಟ್ಟುವ ಉಪಾಯ ಇರುತ್ತದೆ. ‘ಕುಡಿದ’, ‘ಕೆಟ್ಟ’, ‘ಹುಚ್ಚು’ ಎಂಬ ಮಾತು ಕಂಡರೆ ಪಕ್ಕದ ಪದದ ಅಕ್ಷರಗಳನ್ನು ಕಲಸಬೇಕು. ‘ವಾಪಸ್ಸು’ ಎಂದರೆ ಹಿಂದಿನಿಂದ ಓದಬೇಕು. ‘ಒಳಗೆ’, ‘ನಡುವೆ’ ಎಂದರೆ ಎರಡು ಪದಗಳ ಸಂದಿಯಲ್ಲಿ ಮೂರನೆಯದು ಅಡಗಿ ಕೂತಿದೆ ಎಂದರ್ಥ. ನಮ್ಮ ಅಜ್ಜಿಯರ ಒಗಟು, ದಾಸರ ಮುಂಡಿಗೆ, ಎಲ್ಲ ಇದರ ದಾಯಾದಿಗಳೇ. ಆದರೆ ಒಗಟು ಕೇಳಿದ ಅಜ್ಜಿ ಸೋತವನಿಗೆ ಕೋಡುಬಳೆ ಕೊಟ್ಟು ಉತ್ತರ ಹೇಳುತ್ತಿದ್ದಳು. ಪತ್ರಿಕೆಯವರು ಒಂದು ರಾತ್ರಿ ಕಾಯಿಸುತ್ತಾರೆ, ಕೋಡುಬಳೆಯೂ ಇಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಕೃಷ್ಣರಾಜಪುರದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಮನೆ ಹಲಸೂರಿನಲ್ಲಿ. ಒಂದು ಶನಿವಾರ ಅಂಗಿಯ ಗುಂಡಿ ಕಿತ್ತುಹೋಗಿ, ಹೆಂಡತಿ ನನ್ನನ್ನು ಶಿವಾಜಿನಗರಕ್ಕೆ ಅಟ್ಟಿದಳು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಗುಂಡಿ ಅಂಗಡಿ. ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ಪೆಟ್ಟಿಗೆಗಳು, ಪ್ರತಿ ಪೆಟ್ಟಿಗೆಯ ಮೂತಿಗೂ ಒಳಗಿರುವ ಗುಂಡಿಯದೇ ಒಂದು ಮಾದರಿ ಹೊಲಿದಿತ್ತು. ಕೌಂಟರಿನ ಹಿಂದೆ ಬಿಳಿ ಟೋಪಿಯ ದಪ್ಪ ಮನುಷ್ಯರೊಬ್ಬರು ಪತ್ರಿಕೆಯನ್ನು ಮೂಗಿಗೆ ತಾಗಿಸಿಕೊಂಡು ಕೂತಿದ್ದರು. ನಾನು “ಬಟನ್” ಎಂದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು, ಪತ್ರಿಕೆಯನ್ನು ನೋಡಿದರು, ತೋರುಬೆರಳು ಎತ್ತಿ “ಕೈಕು?” ಎಂದರು.

ಕೈಕು ಎಂದರೆ ದಖ್ಖನಿ ಉರ್ದುವಿನಲ್ಲಿ ‘ಯಾಕೆ’ ಎಂದು ದಂಡುಪ್ರದೇಶದ ಕಡೆ ಓಡಾಡುವ ಯಾರಿಗಾದರೂ ಗೊತ್ತು. ಗುಂಡಿ ಯಾಕೆ ಬೇಕೆಂದು ಕೇಳುವ ಅಂಗಡಿಯವನನ್ನು ನಾನು ಕಂಡಿರಲಿಲ್ಲ. “ಅಂಗೀದು ಕಿತ್ತೋಗಿದೆ ಸಾಹೇಬ್ರೆ” ಎಂದು ಎದೆ ತೋರಿಸಿದೆ.

“ಅದಲ್ಲ ಸ್ವಾಮಿ, ಉತ್ತರ ಬಟನ್ ಅಂದ್ರಲ್ಲ, ಯಾಕೆ ಅಂತ ಹೇಳಿ!”

ಅವರ ಮುಂದಿದ್ದ ಪದಬಂಧದ ಸುಳಿವಿನಲ್ಲಿ ‘ಬಟ್’, ‘ನಾಟ್’ ಎಂಬ ಎರಡು ಇಂಗ್ಲಿಷ್ ಪದಗಳು ಕೆಟ್ಟುಹೋಗಿದ್ದವು, ಅಂದರೆ ಅವುಗಳ ಅಕ್ಷರ ಕಲಸಬೇಕು; ಅಂಗಿ ಮುಚ್ಚುವ ವಸ್ತು ಬೇಕಿತ್ತು, ಇಂಗ್ಲಿಷಿನಲ್ಲಿ ಆರಕ್ಷರ. ನಾನು ಬಾಯಿ ಬಿಡುತ್ತಿದ್ದಂತೆ ಅವರೇ ಪೆಟ್ಟಿಗೆಗಳಿಂದ ಆರು ಗುಂಡಿ ತೆಗೆದು ಕೌಂಟರಿನ ಮೇಲೆ ದುಂಡಗೆ ಜೋಡಿಸಿದರು. ಒಂದೊಂದು ಗುಂಡಿಗೆ ಒಂದೊಂದು ಅಕ್ಷರ. ‘ಟಿ’ ಎರಡು ಸಲ ಬರುವುದರಿಂದ ಒಂದೇ ಥರದ ಎರಡು ಬಿಳಿ ಗುಂಡಿ. ನಿಧಾನವಾಗಿ ಸರಿಸಿ ಸಾಲಾಗಿ ನಿಲ್ಲಿಸಿದರು. ಆಮೇಲೆ ಹಣೆಗೆ ಕೈ ಹೊಡೆದುಕೊಂಡರು. “ಬೆಳಿಗ್ಗೆಯಿಂದ ಬಟನ್ ರಾಶಿ ಮಧ್ಯ ಕೂತ್ಕೊಂಡು ಬಟನ್ ಹುಡುಕ್ತಾ ಇದೀನಲ್ಲ ನಾನು!” ಎಂದು ಹೊಟ್ಟೆ ಕುಣಿಯುವಂತೆ ನಕ್ಕರು. ಅವರೇ ಖಲೀಲ್ ಸಾಹೇಬರು. ಆ ದಿನದಿಂದ ಶನಿವಾರ ಬಂತೆಂದರೆ ನನ್ನ ಅಂಗಿಯ ಗುಂಡಿಗಳು ತಾವಾಗಿಯೇ ಸಡಿಲವಾಗತೊಡಗಿದವು.

ಸಾಹೇಬರದು ಒಂದೇ ಕಾನೂನು. ಕಾರಣ ಹೇಳದ ಉತ್ತರವನ್ನು ಪದಬಂಧದ ಮನೆಯೊಳಗೆ ಬರೆಯುವಂತಿಲ್ಲ. ನಾನು ಉತ್ತರ ಎಸೆಯುತ್ತಿದ್ದೆ, ಅವರು ಬೆರಳೆತ್ತಿ “ಕೈಕು?” ಎನ್ನುತ್ತಿದ್ದರು, ನಾನು ಗೋಡೆ ನೋಡುತ್ತಿದ್ದೆ, ಅವರು ಗುಂಡಿ ಜೋಡಿಸುತ್ತಿದ್ದರು. ಇನ್ನೊಂದು ಗುಣವನ್ನೂ ಹೇಳಬೇಕು. ಅವರು ಒಂದು ಕ್ಷಣ ಸುಮ್ಮನೆ ಕೂರುವವರಲ್ಲ. ಗಿರಾಕಿ ಇದ್ದರೂ ಏಳುವರು, ಇಲ್ಲದಿದ್ದರೂ ಏಳುವರು, ಬೀದಿಯಲ್ಲಿ ಸೈಕಲ್ ಬಿದ್ದರೆ ಮೊದಲು ಓಡುವವರು ಅವರೇ. ಸುಳಿವೊಂದು ಕಚ್ಚಿಕೊಂಡಾಗ ಮಾತ್ರ ಇಡೀ ದೇಹ ಕಲ್ಲಾಗುತ್ತಿತ್ತು. ಉತ್ತರ ಹತ್ತಿರ ಬಂದಾಗ ಕೌಂಟರಿನ ಕೆಳಗೆ ಬಲಗಾಲಿನ ಹೆಬ್ಬೆರಳು ಕುಣಿಯಲು ಶುರುಮಾಡುತ್ತಿತ್ತು.

ಪತ್ರಿಕೆಯನ್ನು ಅವರು ಮೂಗಿಗೆ ತಾಗಿಸುತ್ತಿದ್ದುದು ಪ್ರೀತಿಯಿಂದಲ್ಲ, ಕಣ್ಣಿನ ಪೊರೆಯಿಂದ. ಆಗಿನ ಕಾಲಕ್ಕೆ ಪೊರೆ ತೆಗೆದರೆ ಸಂಜೆಗೆ ಮನೆಗೆ ಕಳಿಸುತ್ತಿರಲಿಲ್ಲ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡು ಬದಿಗೂ ಮರಳಿನ ಚೀಲ ಇಟ್ಟು, ದಿನಗಟ್ಟಲೆ ಅಂಗಾತ ಮಲಗಿಸುತ್ತಿದ್ದರು. ತಲೆ ಎತ್ತಬಾರದು, ಕೆಮ್ಮಬಾರದು, ಜೋರಾಗಿ ನಗಲೂಬಾರದು. ಎಡಗಣ್ಣಿಗೆ ಮೊದಲೊಮ್ಮೆ ಹೀಗೆ ಮಾಡಿಸಿದಾಗ, ಮರುದಿನವೇ ಸಾಹೇಬರು ಹೊರಗೆ ಏನೋ ಗಲಾಟೆ ಕೇಳಿಸಿತೆಂದು ದಡಕ್ಕನೆ ಎದ್ದು ಕೂತಿದ್ದರಂತೆ. ಗಾಯ ಬಿಚ್ಚಿಕೊಂಡಿತು. ಆ ಕಣ್ಣು ಮತ್ತೆ ಬರಲಿಲ್ಲ. ಈಗ ಉಳಿದಿದ್ದುದು ಬಲಗಣ್ಣು ಒಂದೇ.

ಬಲಗಣ್ಣಿನ ಆಪರೇಷನ್ನಿಗೆ ದಿನ ಗೊತ್ತಾದಾಗ ಅವರ ಹೆಂಡತಿ ಮೆಹರ್ ಬೀ ಅಂಗಡಿಯಲ್ಲಿ ನನ್ನನ್ನು ತಡೆದರು. “ಭಾಯ್, ಇವ್ರು ಅಲ್ಲಾಡದೆ ಮಲಗೋ ಮನುಷ್ಯ ಅಲ್ಲ. ಡಾಕ್ಟ್ರು ಹೇಳಿದ್ರೂ ಕೇಳಲ್ಲ, ನಾನು ಅತ್ರೂ ಕೇಳಲ್ಲ. ನಿಮ್ದು ಆ ಚೌಕ ಚೌಕದ್ದು ಆಟ ಇದೆಯಲ್ಲ, ಅದ್ರಲ್ಲಿ ಮಾತ್ರ ಕಲ್ಲಿನ ಥರ ಕೂರ್ತಾರೆ. ಅದನ್ನ ಆಸ್ಪತ್ರೆಗೆ ತನ್ನಿ.”

ಕಣ್ಣು ಕಟ್ಟಿದವರು ಪದಬಂಧ ಬಿಡಿಸುವುದು ಹೇಗೆ ಎಂದು ನಾನು ಕೇಳಲಿಲ್ಲ. ಆಕೆಯ ಮುಖ ನೋಡಿದರೆ ಕೇಳುವ ಹಾಗಿರಲಿಲ್ಲ. ಕಾರ್ಖಾನೆಯಲ್ಲಿ ‘ಕಣ್ಣಿನ ತೊಂದರೆ’ ಎಂದು ಬರೆದು ರಜೆ ಹಾಕಿದೆ. ಯಾರ ಕಣ್ಣು ಎಂದು ಅವರೂ ಕೇಳಲಿಲ್ಲ.

ಮೊದಲ ದಿನ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಮನೆಗಳ ನಕ್ಷೆಯನ್ನು ಸಾಲು ಸಾಲಾಗಿ ಹೇಳಿದೆ: ಇಲ್ಲಿ ಬಿಳಿ, ಇಲ್ಲಿ ಕಪ್ಪು, ಇಲ್ಲಿಂದ ಕೆಳಗೆ ಏಳು ಮನೆ. ಒಂದೇ ಸಲ. ಅವರು “ಆಯ್ತು, ಓದಿ” ಎಂದರು. ನಾನು ಸುಳಿವು ಓದತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಒಂದು ಕಡೆ “ಇದರ ಮೂರನೇ ಅಕ್ಷರ...” ಎಂದು ನೆನಪಿಸಲು ಹೋದರೆ ಬೆರಳೆತ್ತಿ ತಡೆದರು. “ಹೇಳ್ಬೇಡಿ. ಮೂರನೇದು ಆರ್, ಐದನೇದು ಇ. ಇದು ನಮ್ಮಂಗಡೀಲಿ ಕೋಟಿನ ಗುಂಡಿ ಇರೋ ಸಾಲು.”

ಆಗ ನನಗೆ ಅರ್ಥವಾಯಿತು. ಆ ಮನುಷ್ಯ ಪದಬಂಧವನ್ನು ತಮ್ಮ ಅಂಗಡಿಯ ಗೋಡೆಯ ಮೇಲೆ ಹರಡಿಕೊಂಡಿದ್ದರು. ಒಂದೊಂದು ಅಕ್ಷರವನ್ನೂ ಒಂದೊಂದು ಪೆಟ್ಟಿಗೆಯಲ್ಲಿ ಇಡುತ್ತಿದ್ದರು, ಬೇಕಾದಾಗ ಕತ್ತಲಲ್ಲೇ ಕೈಹಾಕಿ ತೆಗೆಯುತ್ತಿದ್ದರು. ಅಕ್ಷರ ಕಲಸಬೇಕಾದಾಗ ಅವರ ಬೆರಳುಗಳು ಹೊದಿಕೆಯ ಮೇಲೆ ಇಲ್ಲದ ಗುಂಡಿಗಳನ್ನು ಸರಿಸುತ್ತಿದ್ದವು. ಚಿಕ್ಕಂದಿನಲ್ಲಿ ನಾನೊಮ್ಮೆ ಅವಧಾನ ನೋಡಿದ್ದೆ. ಸುತ್ತ ಎಂಟು ಜನ ಕೂತು ಒಬ್ಬ ಪದ್ಯ ಕೇಳುವುದು, ಒಬ್ಬ ಗಂಟೆ ಬಾರಿಸುವುದು, ಒಬ್ಬ ಅಪ್ರಸ್ತುತ ಪ್ರಸಂಗಕ್ಕೆಂದೇ ನೇಮಕವಾಗಿ ನಡುನಡುವೆ ತಲೆಹರಟೆ ಮಾಡುವುದು. ನಡುವೆ ಕೂತ ಅವಧಾನಿ ಎಲ್ಲವನ್ನೂ ತಲೆಯಲ್ಲಿ ಹಿಡಿದು ಕೊನೆಗೆ ಒಂದಕ್ಷರ ತಪ್ಪದೆ ಒಪ್ಪಿಸುವುದು. ನಮ್ಮ ವಾರ್ಡಿನಲ್ಲೂ ಒಂದಕ್ಕೂ ಕೊರತೆಯಿರಲಿಲ್ಲ. ಔಷಧಿ ಗಾಡಿಯ ಕಿರುಗುಟ್ಟು ಇತ್ತು, ಗಂಟೆ ಇತ್ತು. ಅಪ್ರಸ್ತುತ ಪ್ರಸಂಗಕ್ಕೆ ಪಕ್ಕದ ಮಂಚದವರಿದ್ದರು. ಅವರಿಗೂ ಕಣ್ಣಿಗೆ ಪಟ್ಟಿ, ಬಾಯಿಗೆ ಮಾತ್ರ ಪಟ್ಟಿ ಇಲ್ಲ. ಸುಳಿವು ಕುತ್ತಿಗೆಗೆ ಬಂದಾಗಲೇ “ಸ್ವಾಮೀ, ಟೊಮೇಟೊ ಈಗ ಏನು ರೇಟು?” ಎನ್ನುತ್ತಿದ್ದರು. ಸಾಹೇಬರು ರೇಟನ್ನೂ ಹೇಳಿ, ಉತ್ತರವನ್ನೂ ಹೇಳಿ, ಕಾರಣವನ್ನೂ ಹೇಳುತ್ತಿದ್ದರು. ತಲೆ ಮಾತ್ರ ಎರಡು ಮರಳಿನ ಚೀಲಗಳ ನಡುವೆ ಎಳ್ಳಷ್ಟೂ ಅಲ್ಲಾಡುತ್ತಿರಲಿಲ್ಲ. ನನಗೆ ಎದ್ದು ಕೈಮುಗಿಯಬೇಕು ಅನಿಸುತ್ತಿತ್ತು.

ಪಟ್ಟಿ ಬಿಚ್ಚುವ ಹಿಂದಿನ ದಿನ ಕಷ್ಟ ಬಂತು. ಆ ದಿನದ ಪದಬಂಧ ತೀರಾ ಸುಲಭವಾಗಿತ್ತು. ಮಧ್ಯಾಹ್ನವಾಗುವ ಮುಂಚೆಯೇ ಮುಗಿದುಹೋಯಿತು. ಮೆಹರ್ ಬೀ ಟೀ ತರಲು ಹೋಗಿದ್ದರು, ನರ್ಸು ವಾರ್ಡಿನ ಆ ತುದಿಯಲ್ಲಿದ್ದರು. ಸಾಹೇಬರ ಉಸಿರು ಬಿರುಸಾಯಿತು.

“ಸಾಕಾಗೋಯ್ತು ಸ್ವಾಮಿ. ಬೆನ್ನು ಉರೀತಾ ಇದೆ, ಬೇಸರ ಕಿತ್ತು ತಿಂತಾ ಇದೆ. ಒಂದೇ ಒಂದು ಸಲ ಎದ್ದು ಕೂತು ಮಲಗ್ತೀನಿ.” ಅವರ ಕೈ ಮಂಚದ ಕಬ್ಬಿಣದ ಸರಳನ್ನು ಹಿಡಿಯಿತು. ಭುಜ ಬಿಗಿಯಿತು. ಅಂಥ ದೇಹವನ್ನು ಒತ್ತಿ ಹಿಡಿಯುವ ಶಕ್ತಿ ನನಗಿಲ್ಲ, ಒತ್ತಿದರೂ ತಲೆ ಅಲ್ಲಾಡುತ್ತದೆ.

“ಇನ್ನೊಂದು ಸುಳಿವಿದೆ!” ಎಂದೆ.

“ಎಲ್ಲ ಮುಗೀತಲ್ಲ?”

“ಇದು ಪೇಪರಿಂದಲ್ಲ. ನಂದು. ಕನ್ನಡದ್ದು.”

ಕೈ ಸರಳಿನ ಮೇಲೆಯೇ ನಿಂತಿತು. “ಕನ್ನಡದಲ್ಲಾ? ಆಗುತ್ತಾ?”

ಆಗುತ್ತದೋ ಇಲ್ಲವೋ ನನಗೇನು ಗೊತ್ತು! ಜೀವಮಾನದಲ್ಲಿ ನಾನು ಸುಳಿವು ಕಟ್ಟಿದವನಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದುದು ಅವರೇ ಆಡಿದ ಒಂದು ಪದ: ಬೇಸರ. ಅದರ ಬಾಲದಲ್ಲಿ ಒಂದು ‘ರ’ ಇದೆ. ಅದರ ಪಕ್ಕಕ್ಕೆ ‘ಸ’ದಿಂದ ಶುರುವಾಗುವ ಪದವೊಂದನ್ನು ಕೂರಿಸಿದರೆ ಸಂದಿಯಲ್ಲಿ ಇನ್ನೊಂದು ಪದ ಹುಟ್ಟುತ್ತದೆ. ಹುಟ್ಟಿಯೇಬಿಟ್ಟಿತು.

“ಬೇಸರ ಸವೆದರೆ ನಡುವೆ ಸಿಗುವ ಸಾರ. ಎರಡಕ್ಷರ.”

ಸರಳಿನ ಮೇಲಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು. ಭುಜ ಸಡಿಲವಾಯಿತು. ಬೆರಳುಗಳು ಹೊದಿಕೆಯ ಮೇಲೆ ಒಮ್ಮೆ ಅಲೆದು ನಿಂತವು. ಮೆಹರ್ ಬೀ ಟೀ ತಂದವರು ನನ್ನ ಮುಖ ನೋಡಿ ಏನೋ ನಡೆದಿದೆ ಎಂದು ತಿಳಿದು, ಸದ್ದು ಮಾಡದೆ ನೆಲದ ಮೇಲೆ ಕೂತರು. ಟೀ ಆರಿತು. ಪಕ್ಕದ ಮಂಚದವರೂ ಪುಣ್ಯಕ್ಕೆ ನಿದ್ದೆಹೋಗಿದ್ದರು. ಸಾಹೇಬರು ಇಂಗ್ಲಿಷಿನ ದಾರಿಯಲ್ಲೇ ಹುಡುಕುತ್ತಿದ್ದರೆಂದು ಕಾಣುತ್ತದೆ. ಕನ್ನಡ ಅವರಿಗೆ ಗಿರಾಕಿಗಳ ಭಾಷೆ, ಅದನ್ನು ಹೀಗೆ ಬಿಚ್ಚಿ ನೋಡಿದವರಲ್ಲ. ನಾನು ದೇವರನ್ನು ಬೇಡಿಕೊಂಡೆ, ಉತ್ತರ ಬೇಗ ಹೊಳೆಯದಿರಲಪ್ಪಾ ಎಂದು. ಹಾಗೆ ಬೇಡಿಕೊಂಡವನು ಬಹುಶಃ ನಾನೊಬ್ಬನೇ ಇರಬೇಕು.

ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಹೊದಿಕೆಯ ತುದಿಯಲ್ಲಿ ಹೆಬ್ಬೆರಳು ಕುಣಿಯಿತು.

“ರಸ” ಎಂದರು.

ನಾನು ಬೆರಳೆತ್ತಿದೆ. ಅವರಿಗೆ ಕಾಣುವುದಿಲ್ಲ ಎಂಬುದು ಆಮೇಲೆ ನೆನಪಾಯಿತು. “ಕೈಕು?” ಎಂದೆ.

“ಬೇಸರದ ಕೊನೇದು ರ, ಸವೆದರೆ ಅನ್ನೋದರ ಮೊದಲ್ನೇದು ಸ. ಎರಡರ ನಡುವೆ ರಸ. ರಸ ಅಂದ್ರೆ ಸಾರ. ಸರಿನಾ?” ತುಟಿಯಂಚಿನಲ್ಲೇ ನಕ್ಕರು. “ಈಗ ನಂದು ತಗೊಳ್ಳಿ. ರಸ ವಾಪಸ್ ಹೋದ್ರೆ ಕೊರಳಿಗೆ ಬೀಳುತ್ತೆ. ಎರಡಕ್ಷರ.”

‘ಸರ’ ಎಂದೆ, ಅವರು ಕೇಳುವ ಮೊದಲೇ ಕಾರಣವನ್ನೂ ಹೇಳಿದೆ. ಎಷ್ಟೋ ಶನಿವಾರಗಳಲ್ಲಿ ಅದೇ ಮೊದಲು.

ಆ ಸಂಜೆ ಹಲಸೂರಿನ ಬಸ್ಸಿನಲ್ಲಿ ಕೂತಾಗ ನನ್ನ ಆಶ್ಚರ್ಯ ಇನ್ನೂ ಇಳಿದಿರಲಿಲ್ಲ. ಮನೆಯಲ್ಲಿ, ಬೀದಿಯಲ್ಲಿ, ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತಿನ ಸಂದಿಯಲ್ಲಿ ಇಂಥದ್ದೊಂದು ಸುಮ್ಮನೆ ಬಿದ್ದಿತ್ತಲ್ಲ! ಯಾರೂ ಅಡಗಿಸಿಟ್ಟದ್ದಲ್ಲ, ಯಾರೂ ಹುಡುಕಿದ್ದಲ್ಲ. ಸುಳಿವು ಕಟ್ಟುವವನು ಬಿಡಿಸುವವನನ್ನು ಸೋಲಿಸಲು ಕೂತಿರುತ್ತಾನೆ ಎಂದು ನಾನು ಅದುವರೆಗೆ ತಿಳಿದಿದ್ದೆ. ಆ ಮಧ್ಯಾಹ್ನ ನನ್ನ ಆಸೆಯೆಲ್ಲ ಅವರು ಗೆಲ್ಲಲಿ, ಆದರೆ ಸ್ವಲ್ಪ ತಡವಾಗಿ ಗೆಲ್ಲಲಿ ಎಂದೇ ಇತ್ತು. ಪತ್ರಿಕೆಯಲ್ಲಿ ಹೆಸರು ಹಾಕಿಕೊಳ್ಳದೆ ಸುಳಿವು ಕಟ್ಟುವ ಆ ಮಹಾನುಭಾವನಿಗೂ ದಿನಾ ಹೀಗೇ ಅನಿಸುತ್ತಿರಬಹುದು.

ಮರುದಿನ ಡಾಕ್ಟರು ಪಟ್ಟಿ ಬಿಚ್ಚಿ ಬೆರಳು ತೋರಿಸಿದರು. ಸಾಹೇಬರು ಸರಿಯಾಗಿ ಎಣಿಸಿದರು. ಮೆಹರ್ ಬೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು, ನಾನು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡೆ.

ಕೆಲವು ವಾರಗಳ ಮೇಲೆ ಸೋಡಾಬುಡ್ಡಿ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಆಸ್ಪತ್ರೆಯ ದಿನಗಳ ಪದಬಂಧಗಳನ್ನು ನೋಡಬೇಕೆಂದು ಅವರು ಹಟಹಿಡಿದರು. ನಾನು ಒಯ್ದುಕೊಟ್ಟೆ. ಎಲ್ಲವನ್ನೂ ದೊಡ್ಡದು ಮಾಡುವ ಆ ಗಾಜಿನಲ್ಲೂ ಅವರ ಮುಖ ಸಪ್ಪಗಾಯಿತು. “ಇಷ್ಟೇನಾ? ಅಂಗೈ ಅಗಲ? ನಾನು ಇದ್ರೊಳಗೆ ಏಣಿ ಹಾಕ್ಕೊಂಡು ಹತ್ತಿ ಇಳೀತಾ ಇದ್ನಲ್ರೀ!” ಎಂದು ಹಿಂದಿನ ಪೆಟ್ಟಿಗೆಗಳ ಗೋಡೆಯನ್ನೊಮ್ಮೆ, ಪತ್ರಿಕೆಯನ್ನೊಮ್ಮೆ ನೋಡಿದರು. ಆಮೇಲೆ ಅಂದಿನ ಹೊಸ ಪತ್ರಿಕೆ ಬಿಚ್ಚಿ ಮೊದಲ ಸುಳಿವಿಗೇ ಕಲ್ಲಾದರು.

ಅಂಗಡಿಯಲ್ಲಿ ಗಿರಾಕಿಗಳು ಸೇರತೊಡಗಿದರು. ಮೆಹರ್ ಬೀ ಒಳಗಿನಿಂದ ಎರಡು ಸಲ ಕೂಗಿದರು, ಬಂದು ಭುಜ ತಟ್ಟಿದರು. ಕೊನೆಗೆ ನನ್ನ ಕಡೆ ತಿರುಗಿದರು. “ಭಾಯ್, ಅವತ್ತು ಅಲ್ಲಾಡಬಾರ್ದು ಅಂತ ನಿಮ್ಮನ್ನ ಕರ್ದೆ. ಇವತ್ತು ನೀವೇ ಏನಾದ್ರೂ ಮಾಡಿ ಇವ್ರನ್ನ ಅಲ್ಲಾಡಿಸಿ.”

ನಾನು ಕೌಂಟರಿನ ಕೆಳಗೆ ಬಗ್ಗಿ ನೋಡಿದೆ. “ಸ್ವಲ್ಪ ತಾಳಿಮ್ಮಾ” ಎಂದೆ. ಹೆಬ್ಬೆರಳು ಆಗಲೇ ಕುಣಿಯಲು ಶುರುಮಾಡಿತ್ತು.