ನಿಮಗೆ ಅವರು ಏನಾಗಬೇಕು?

ತಾಳಿ, ತಾಳಿ. ವಿದೇಶದಲ್ಲಿ ಓದೋಕೆ ದುಡ್ಡು ಹೇಗೆ ಹೊಂದಿಸಿದೆ ಅಂತ ಕೇಳುವವರಿಗೆಲ್ಲ ನಾನು ಸ್ಕಾಲರ್‌ಶಿಪ್ಪಿನ ಕತೆ ಹೇಳುತ್ತೇನೆ. ಆದರೆ ಒಂದೇ ಒಂದು ಪದದಿಂದ ಆ ಸ್ಕಾಲರ್‌ಶಿಪ್ಪು ಕೈತಪ್ಪುವುದರಲ್ಲಿತ್ತು. ಅದನ್ನು ಕೇಳಿಕೊಂಡೇ ಹೋಗಿ.

ಈ ಬೆಳಿಗ್ಗೆ ಸ್ಕಾಟ್ಲೆಂಡಿನ ನನ್ನ ಪುಟ್ಟ ರೂಮಿನಲ್ಲಿ ಎರಡನೇ ವರ್ಷದ ಫಾರಂ ತುಂಬಲು ಹಳೆಯ ಫೈಲು ಬಿಚ್ಚಿದೆ. ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ ಗಪ್ಪನೆ ಬಂತು. ಒಳಗೆ ದೊಡ್ಡಮ್ಮ ಬರೆದ ಕಾಗದ, ಅದರ ಮೂಲೆಯಲ್ಲಿ ಅವಳ ಹೆಬ್ಬೆರಳಿನ ಎಣ್ಣೆ ಗುರುತು.

ದೊಡ್ಡಮ್ಮ, ಅಂದರೆ ನಮ್ಮಮ್ಮನ ಅಕ್ಕ ಶಾರದಾ. ಕುರುಬರಹಳ್ಳಿಯಲ್ಲಿ ಸೀರೆಗೆ ಫಾಲ್ಸ್ ಹಾಕಿ, ಬ್ಲೌಸ್ ಹೊಲಿಯುವ ಪುಟ್ಟ ಅಂಗಡಿ ಅವಳದು. ಅಲ್ಲಿನ ಚಿಂದಿ ಆಯುತ್ತಲೇ ನನಗೆ ಬಟ್ಟೆಗಳ ಹುಚ್ಚು ಹಿಡಿದದ್ದು. ಮ್ಯೂಸಿಯಮ್ಮಿನ ಹಳೆಯ ಬಟ್ಟೆ ಹಾಳಾಗದಂತೆ ಕಾಪಾಡುವುದಕ್ಕೂ ಒಂದು ಡಿಗ್ರಿ ಇದೆ ಅಂತ ಗೊತ್ತಾದ ದಿನ ಕುಣಿದಾಡಿದ್ದೆ. ವಿಡಿಯೋ ನೋಡಿ ನೋಡಿ ಅರ್ಜಿ ತುಂಬುವುದನ್ನೂ ಕಲಿತೆ. "ಏಜೆಂಟ್ ಯಾಕೆ? ನಾನೇ ಏಜೆಂಟು!" ಅಂತ ಮನೆಯಲ್ಲಿ ಕೊಚ್ಚಿಕೊಂಡದ್ದೂ ಉಂಟು.

ಸ್ಕಾಲರ್‌ಶಿಪ್ಪು ಬರುವುದು ಅರ್ಧ ಫೀಸಿಗೆ. ಉಳಿದ ಖರ್ಚು ಯಾರು ಕೊಡುತ್ತಾರೆ ಅಂತ ತೋರಿಸಿದರೆ ಮಾತ್ರ ಅದು ಸಿಗುವುದು. ದೊಡ್ಡಮ್ಮ ತನ್ನ ಎಫ್‌ಡಿ ಕಾಗದ ತಂದು ಮುಂದಿಟ್ಟಳು. ಫಾರಮ್ಮಿನಲ್ಲಿ 'ಸಂಬಂಧ' ಅನ್ನುವ ಕಡೆ ತಂದೆ, ತಾಯಿ, ಸಂಗಾತಿ, ಇತರೆ ಅಂತ ನಾಲ್ಕೇ ಆಯ್ಕೆ. ದೊಡ್ಡಮ್ಮನನ್ನು 'ಇತರೆ'ಗೆ ತಳ್ಳುವುದೇ? ಜಾಣೆ ನಾನು, 'ತಾಯಿ' ಒತ್ತಿದೆ.

ವಾರ ಕಳೆದು ಮೇಲ್ ಬಂತು. ಜನನ ಪತ್ರದಲ್ಲಿ ನಿಮ್ಮ ತಾಯಿ ಗಿರಿಜಾ, ಇಲ್ಲಿ ಶಾರದಾ. ಮೂರು ದಿನದೊಳಗೆ ವಿವರಣೆ ಕೊಡದಿದ್ದರೆ ಸ್ಕಾಲರ್‌ಶಿಪ್ಪು ಮುಂದಿನವರಿಗೆ.

ಅಂಗಡಿಗೆ ಓಡಿ ಅಳುತ್ತಾ ಕೂತೆ.

"ಏನಂತೆ ಅವ್ರಿಗೆ?" ದೊಡ್ಡಮ್ಮ ಮೆಷಿನ್ ತುಳಿಯುತ್ತಲೇ ಕೇಳಿದಳು.

"ನೀನು ನಂಗೆ ಏನಾಗ್ಬೇಕು ಅಂತ ಕೇಳ್ತಿದಾರೆ."

ಆ ಸದ್ದಿನಲ್ಲಿ ಅರ್ಧವೇ ಕೇಳಿಸಿರಬೇಕು. "ನಂಗೇನಾಗ್ಬೇಕೇ? ಏನೂ ಆಗ್ಬೇಕಿಲ್ಲ. ನೀನು ಓದಿದ್ರೆ ಸಾಕು ಅಂತ ಬರಿ."

ಅವರು ಕೇಳಿದ್ದು ನೆಂಟಸ್ತಿಕೆ, ಇವಳು ತಿಳಿದದ್ದು ಪ್ರತಿಫಲ. ನನಗೆ ಅಳುವಿನ ನಡುವೆಯೇ ನಗು ಬಂತು. ವಿಷಯ ಬಿಡಿಸಿ ಹೇಳಿದ ಮೇಲೆ ಅವಳೇ ಪೆನ್ನು ತೆಗೆದುಕೊಂಡಳು: "ಇವಳನ್ನು ಹೆತ್ತವಳು ನನ್ನ ತಂಗಿ ಗಿರಿಜಾ. ನಾನು ದೊಡ್ಡಮ್ಮ. ಆ ಪದದಲ್ಲೇ ಅಮ್ಮ ಇದ್ದಾಳೆ, ಮಗು ಸುಳ್ಳು ಹೇಳಿಲ್ಲ. ನನಗೆ ಇವಳಿಂದ ಏನೂ ಆಗಬೇಕಿಲ್ಲ."

ಅದನ್ನು ಇಂಗ್ಲಿಷಿಗೆ ತಿರುಗಿಸಿ, ಕಾಗದದ ಫೋಟೋ ಸಮೇತ ಮೇಲ್ ಮಾಡಿದೆ. ಮರುದಿನವೇ ಉತ್ತರ: ಒಪ್ಪಿದ್ದೇವೆ, ಸಂಬಂಧವನ್ನು 'ಆಂಟ್' ಎಂದು ತಿದ್ದಿದ್ದೇವೆ.

"ಆಂಟಿನಾ? ಫಾಲ್ಸ್ ಹಾಕ್ಸೋರೆಲ್ಲ ಹಂಗೇ ಅನ್ನೋದು. ನೀನೂ ಗಿರಾಕಿನೇನೇ?" ಅಂತ ದೊಡ್ಡಮ್ಮ ಅಳತೆ ಟೇಪಿನಲ್ಲಿ ತಲೆಗೊಂದು ಕೊಟ್ಟಳು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಇವತ್ತಿನ ಫಾರಮ್ಮಿನಲ್ಲೂ ಅದೇ ನಾಲ್ಕು ಆಯ್ಕೆ. ಈ ಸಲ 'ಇತರೆ' ಒತ್ತಿದೆ. ಪಕ್ಕದಲ್ಲಿ ಬರೆಯಲು ಖಾಲಿ ಜಾಗ ತೆರೆದುಕೊಂಡಿತು. ಅವತ್ತು ಒತ್ತಿದ್ದರೂ ತೆರೆಯುತ್ತಿತ್ತು, ಏಜೆಂಟಮ್ಮನಿಗೆ ಗೊತ್ತಿದ್ದರೆ ತಾನೇ! ಇಂಗ್ಲಿಷ್ ಅಕ್ಷರಗಳಲ್ಲಿ 'ದೊಡ್ಡಮ್ಮ' ಅಂತಲೇ ಬರೆದೆ. ಅರ್ಥ ಕೇಳಲಿ, ಕಾಗದ ಇದೆಯಲ್ಲ.

ನಿಮ್ಮನ್ನು ಓದಿಸಿದವರು ಯಾರು? ನಿಮಗೆ ಅವರು ಏನಾಗಬೇಕು? ನೀವೂ ಬರೆದು ತಿಳಿಸಿ, ಓದಲು ಕಾದಿದ್ದೇನೆ.